ಒಂದು ಪುಟಕ್ಕೆ ಸಾಲುವ ದೀಪ

೧.

“ಇದನ್ನ ಎಲ್ಲಿಂದ ಶುರು ಮಾಡೋದು?”

ಎಲೆಕ್ಟ್ರಿಷಿಯನ್ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಬೇರೆ ಇಬ್ಬರಿದ್ದರೂ ಅವನು ಮುಖ ಮಾಡಿದ್ದು ಗೋಡೆಗೆ. ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಡ್ರಿಲ್. ತೂತು ಬಿದ್ದರೆ ಬಿತ್ತು. ಗೋಡೆಗೆ ಎರಡನೆಯ ಕರಡು ಇರುವುದಿಲ್ಲ.

ನನಗೆ ಇರುತ್ತದೆ. ತೊಂದರೆ ಅಲ್ಲೇ. ಈ ಕತೆಯನ್ನು ನಾನು ಮೊದಲು ದೀಪದ ಹುಟ್ಟಿನಿಂದ ಶುರು ಮಾಡಿದ್ದೆ: ಮಹಾಯುದ್ಧ ಮುಗಿದು ಜನ ಮತ್ತೆ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ, ಕೋಣೆಗಳು ಕಿರಿದಾದವು, ಮೇಜಿನ ಮೇಲೆ ದೀಪ ಇಡಲು ಜಾಗವಿಲ್ಲದಾಯಿತು, ಆಗ ಒಬ್ಬ ವಿನ್ಯಾಸಕಾರ, ಇತ್ಯಾದಿ. ಓದಿ ನೋಡಿದರೆ ಗ್ಯಾರಂಟಿ ಕಾರ್ಡಿನ ಹಾಗಿತ್ತು. ಆಮೇಲೆ ಮುದುಕರ ಕಣ್ಣಿನಿಂದ ಶುರು ಮಾಡಿದೆ. ಅದು ಇನ್ನೂ ಕೆಟ್ಟದಾಗಿತ್ತು. ಮೊದಲ ಸಾಲಿಗೇ ನೀವು ‘ಓಹೋ, ಇದಾ’ ಎಂದು ಕಾಲು ಚಾಚಿಕೊಳ್ಳುತ್ತಿದ್ದಿರಿ. ಹಾಗಾಗಿ ಎಲೆಕ್ಟ್ರಿಷಿಯನ್. ಅವನಿಗೆ ಈ ಮನೆಯ ಗುಟ್ಟು ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ. ಇನ್ನೊಂದು ಮನೆಯಲ್ಲಿ ಕೆಟ್ಟ ಗೀಸರ್ ಅವನಿಗಾಗಿ ಕಾಯುತ್ತಿದೆ.

(ಕಣ್ಣಿನ ವಿಷಯ ಬಾಯಿ ತಪ್ಪಿ ಬಂದುಬಿಟ್ಟಿತು. ಬಂದದ್ದು ಬಂತು, ಇರಲಿ.)

೨.

ನಿಜ ಹೇಳಿದರೆ ನನ್ನನ್ನು ಯಾರೂ ಕತೆ ಕೇಳಿರಲಿಲ್ಲ. ದೀಪದ ಅಂಗಡಿಯ ಯಜಮಾನರು ಪರಿಚಯದವರು. ತಮ್ಮ ಕ್ಯಾಟಲಾಗಿಗೆ ನಾಲ್ಕು ಸಾಲು ಬರೆದುಕೊಡಿ ಎಂದು ಕರೆದಿದ್ದರು. ಗೋಡೆಗೆ ಹಾಕುವ ದೀಪ. ಒಂದು ಗೇಣಿನ ತೋಳು, ತುದಿಗೆ ಅರ್ಧ ಬೋಗುಣಿಯಂಥ ತಗಡಿನ ಟೋಪಿ, ಬುಡದಲ್ಲಿ ಒಂದೇ ತಿರುಪು. ಬೇಕಾದರೆ ಎಳೆದುಕೊಳ್ಳಿ, ಬೇಡವಾದರೆ ಗೋಡೆಗೆ ಮಡಚಿ. ಹೂ ಇಲ್ಲ, ಬಳ್ಳಿ ಇಲ್ಲ, ಹೊಳಪು ಕೂಡ ಇಲ್ಲ. ಕಳೆದ ಶತಮಾನದ ಮಧ್ಯದ್ದು, ಮಿಡ್-ಸೆಂಚುರಿ ಡಿಸೈನು, ಮಿನಿಮಲಿಸ್ಟು, ಚಿಕ್ಕ ಜಾಗಗಳಿಗೇ ಮಾಡಿದ್ದು ಎಂದರು. ಮಿನಿಮಲಿಸ್ಟ್ ಅಂದರೇನು ಎಂದು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, ಏನೇನು ಬೇಡವೋ ಅದೆಲ್ಲ ಇದರಲ್ಲಿಲ್ಲ ಎಂದರು. ಅದಕ್ಕಿಂತ ಚೆನ್ನಾಗಿ ನಾನು ಬರೆಯಲಾರೆ ಎಂದು ಅಲ್ಲೇ ಎದ್ದುಬರಬೇಕಿತ್ತು.

ಬರಲಿಲ್ಲ. ನಾನು ಬೆಳೆದದ್ದು ಸಂಜೆಯಾದರೆ ಪದ್ಯ ಓದುವ ಮನೆಯಲ್ಲಿ. ಓದುವವರು ಒಬ್ಬರು, ಉಳಿದವರು ಕೇಳುವವರು, ನಾನು ಯಾವತ್ತೂ ಕೇಳುವವರ ಸಾಲಿನಲ್ಲಿ. ಅಂಥವನಿಗೆ ದೀಪ ಕಂಡರೆ ಮೊದಲು ಬರುವ ಪ್ರಶ್ನೆ, ಇದರ ಕೆಳಗೆ ಕೂತು ಓದುವವರು ಯಾರು? ಅಂಗಡಿಯವರನ್ನು ಕೇಳಿದೆ. ಮೊನ್ನೆ ಒಬ್ಬರು ಹೆಂಗಸು ಕೊಂಡುಹೋದರು, ಮಾವನಿಗೆ ಬೆಳಕು ಸಾಲದಂತೆ ಎಂದರು.

ಅಷ್ಟೇ ಸಿಕ್ಕಿದ್ದು. ಉಳಿದದ್ದನ್ನೆಲ್ಲ ನಾನು ತುಂಬಿಸುತ್ತಿದ್ದೇನೆ. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

೩.

ಮಾವ, ಸೊಸೆ. ಮಾವ ಮುದ್ರಣಾಲಯದಲ್ಲಿ ಪ್ರೂಫ್ ಓದಿ ಓದಿ ನಿವೃತ್ತರಾದವರು. ಸೊಸೆ ಆ ವಿದ್ಯೆಯನ್ನು ಅವರಿಂದಲೇ ಕಲಿತು ಮನೆಯಲ್ಲೇ ಕೆಲಸ ಮಾಡುವವಳು. ನಡುವೆ ಒಬ್ಬ ಮಗ ಅಥವಾ ಗಂಡ, ಬಸ್ಸು ರಿಪೇರಿ ಮಾಡುವವನು, ಹಗಲಿಡೀ ಡಿಪೋದಲ್ಲಿರುತ್ತಾನೆ. ಅಪ್ಪನ ಕಣ್ಣಿಗೇನೂ ಆಗಿಲ್ಲ, ಬೆಳಕು ಸಾಲದು ಎಂದು ತೀರ್ಪು ಕೊಟ್ಟವನು ಅವನೇ. ಹೆಡ್‌ಲೈಟ್ ಸರಿ ಮಾಡುವವನಿಗೆ ಎಲ್ಲ ತೊಂದರೆಯೂ ಬೆಳಕಿನದೇ.

ಕೋಣೆ ಎಷ್ಟು ಚಿಕ್ಕದೆಂದರೆ ಗೋಡೆಗೆ ಮಡಚಿಟ್ಟ ಮೇಜನ್ನು ಕೆಳಕ್ಕೆ ಇಳಿಸಬೇಕು. ಇಳಿಸಿದ ಮೇಲೆ ಬಾಗಿಲು ತೆಗೆಯಲು ಬಾರದು. ಕಿಟಕಿ ಇದೆ. ಅದು ತೆರೆಯುವುದು ಮೆಟ್ಟಿಲ ಕಡೆಗೆ, ನಡುಮಧ್ಯಾಹ್ನವೂ ಅಲ್ಲಿಂದ ಬರುವುದು ಚಪ್ಪಲಿಯ ಸದ್ದು ಮಾತ್ರ.

ಕೆಲಸದ ರೀತಿ ಹೀಗೆ. ಮಾವ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು. ಅಕ್ಷರ ಮಾತ್ರವಲ್ಲ, ಚಿಹ್ನೆಗಳನ್ನೂ. ‘ದೋಣಿ ತಿರುಗಿತು ಅಲ್ಪವಿರಾಮ ಗಾಳಿ ನಿಂತಿತು ಪೂರ್ಣವಿರಾಮ ಹೊಸ ಸಾಲು’, ಹೀಗೆ. ಎದುರಿಗೆ ಸೊಸೆ ಅಚ್ಚಾದ ಪ್ರೂಫಿನ ಮೇಲೆ ಪೆನ್ಸಿಲ್ ಜಾರಿಸುತ್ತ ಹೋಗಬೇಕು, ಕಿವಿ ಹೇಳಿದ್ದು ಕಣ್ಣಿಗೆ ಕಾಣದಿದ್ದರೆ ಗುರುತು ಹಾಕಬೇಕು. ಈಗ ಎಲ್ಲ ಕಡೆ ಕಂಪ್ಯೂಟರೇ ಎರಡು ಪ್ರತಿಯನ್ನು ತಾಳೆ ನೋಡುತ್ತದೆ. ಆ ಮುದ್ರಣಾಲಯದಲ್ಲಿ ಜೋಡಿಯಾಗಿ ಓದುವವರು ಉಳಿದದ್ದು ಇವರಿಬ್ಬರೇ. ಮಾಸಿದ ಹಳೆಯ ಪುಸ್ತಕಗಳನ್ನು ಮಾತ್ರ ಇವರಿಗೆ ಕಳಿಸುತ್ತಾರೆ.

ಮುದ್ರಣಾಲಯದವರು ಮುದುಕರಿಗೆ ಇಟ್ಟ ಹೆಸರು ಅಲ್ಪವಿರಾಮ. ಊಟಕ್ಕೆ ಕೂತಾಗಲೂ “ಅನ್ನ ಅಲ್ಪವಿರಾಮ ಸಾರು” ಎಂದುಬಿಟ್ಟಿದ್ದರಂತೆ ಒಮ್ಮೆ. ಅವರು ಅದನ್ನು ಒಪ್ಪುವುದಿಲ್ಲ.

ಇನ್ನೊಂದು ನಿಯಮ ಇದೆ, ಅದು ಮುಖ್ಯ. ಕೇಳುವವರು ಮೂಲಪ್ರತಿಯನ್ನು ನೋಡಕೂಡದು. ಎರಡನ್ನೂ ನೋಡಿದವರ ಕಣ್ಣು ಎರಡನ್ನೂ ನೋಡುವುದಿಲ್ಲ ಎಂದು ಮಾವ ಕಲಿಸಿದ್ದರು. ಕೇಳಲು ಕೂತಾಗ ಸೊಸೆ ಆ ನಿಯಮವನ್ನು ಯಾವತ್ತೂ ಮುರಿದವಳಲ್ಲ. ಮುರಿದಿದ್ದರೆ ನಾನು ಕ್ಯಾಟಲಾಗಿನ ನಾಲ್ಕು ಸಾಲಿಗೇ ನಿಲ್ಲಿಸುತ್ತಿದ್ದೆ.

೪.

ದೀಪವನ್ನು ಮಾವನ ಎಡಭುಜದ ಮೇಲೆ ಹಾಕಿದರು. ಎಲೆಕ್ಟ್ರಿಷಿಯನ್ ಸ್ವಿಚ್ ಒತ್ತಿ ತೋರಿಸಿ, ಇಷ್ಟೇನಾ ಬೆಳಕು ಎಂದು ತಾನೇ ಬೇಸರಪಟ್ಟು ಹೋದ. ಬೆಳಕು ಇಷ್ಟೇ: ಮೇಜಿನ ಮೇಲೆ ಒಂದು ಪುಟದಷ್ಟು ಬಿಳಿ, ಅದರಾಚೆ ಮೊದಲಿದ್ದ ಮಬ್ಬು. ಮಾವ ಭೇಷ್ ಎಂದರು. ಈಗ ಒಂದೊಂದಕ್ಷರವೂ ಮುತ್ತಿನ ಹಾಗಿದೆ ಎಂದರು. ಸೊಸೆಗೆ ಸಂತೋಷವಾಯಿತು.

(ಇಲ್ಲಿ ನಾನು ‘ಅವಳ ಕಣ್ಣಲ್ಲಿ ನೀರಾಡಿತು’ ಎಂದು ಬರೆದಿದ್ದೆ. ಅವಳು ಬಂದು ಹೊಡೆದುಹಾಕಿದಳು. “ಒಂದು ದೀಪ ತಂದಿದ್ದಕ್ಕೆಲ್ಲ ಅಳ್ತಾರೇನ್ರೀ? ನಂಗೆ ಅಡುಗೆ ಬಾಕಿ ಇತ್ತು.” ಸರಿ ಎಂದೆ.)

ಆ ವಾರ ಬಂದದ್ದು ಒಂದು ಕಥನಕಾವ್ಯ. ಅಂಬಿಗನ ಹೆಂಡತಿಯೊಬ್ಬಳು ಬಿರುಗಾಳಿಯ ಮಾರನೆ ದಿನ ಗಂಡನನ್ನು ಹುಡುಕುತ್ತ ದಡದಗುಂಟ ನಡೆಯುವ ಕತೆ. ಪ್ರತಿ ಮರುಮುದ್ರಣದಲ್ಲೂ ಇದರ ಪ್ರೂಫು ಓದಿದವರು ಮಾವನೇ. ಬಾಯಿಪಾಠವೇ ಆಗಿತ್ತು ಎನ್ನುವುದು ಅವರಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಹೆಂಡತಿ ಕತ್ತಲಲ್ಲಿ ಮನೆಗೆ ವಾಪಸು ಬರುವ ಭಾಗ. ಮಾವ ಓದಿದರು:

ದೀಪವಿಲ್ಲೆಂದೇನು ದಾರಿ ನಿಲ್ಲುವುದುಂಟೆ
ಪಾದವೇ ಓದಿತ್ತು ಕಲ್ಲು ಮುಳ್ಳ
ಕದವೆಲ್ಲಿ ಎಂಬುದನು ಅಂಗೈಯೆ ಕಂಡಿತ್ತು
ತಟ್ಟದೆಯೆ ಕುಳಿತಳಾ ಹೊಸಿಲ ಬಳಿಯೆ

ಸೊಸೆಯ ಪೆನ್ಸಿಲ್ ನಿಂತಿತು. ಪ್ರೂಫಿನಲ್ಲಿ ಈ ನಾಲ್ಕು ಸಾಲು ಇರಲಿಲ್ಲ. ಅಕ್ಷರ ಜೋಡಿಸಿದವರು ಒಂದು ಪದ್ಯವನ್ನೇ ನುಂಗಿದ್ದಾರೆ ಎಂದುಕೊಂಡಳು. ಇನ್ನೊಂದು ಸಲ ಓದಿಸಿ, ಅಂಚಿನಲ್ಲಿ ಬರೆದುಕೊಂಡು, ‘ಬಿಟ್ಟುಹೋಗಿದೆ, ಸೇರಿಸಿ’ ಎಂದು ಗುರುತು ಹಾಕಿದಳು. ಎರಡನೆಯ ಸಲವೂ ಮಾವ ಒಂದಕ್ಷರ ತಪ್ಪದೆ ಅದನ್ನೇ ಓದಿದರು. ಮುಂದಿನ ಪದ್ಯ ಸರಿಯಾಗಿತ್ತು. ಅದರ ಮುಂದಿನದೂ.

೫.

ಮುದ್ರಣಾಲಯದಲ್ಲಿ ಪುಸ್ತಕದ ಹೊಣೆ ಹೊತ್ತವರು ಒಬ್ಬರು ಮೇಡಂ. ಗಟ್ಟಿಗರು, ಮಾತು ಕಡಿಮೆ. ತಿದ್ದಿ ಕಳಿಸಿದ ಪುಟಗಳನ್ನು ನೋಡಿ ಅವರು ಫೋನ್ ಮಾಡಿ, ಸೇರಿಸಿ ಎಂದು ಬರೆದಿರುವ ಪದ್ಯ ಮೂಲದಲ್ಲಿ ಎಲ್ಲಿದೆ ಎಂದು ಕೇಳಿದರು. ಅವರ ಬಳಿಯಿದ್ದ ಹಿಂದಿನ ಮುದ್ರಣಗಳಲ್ಲೂ ಇಲ್ಲವಂತೆ.

ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟು, ಆ ದಿನ ಸೊಸೆ ಮೊದಲ ಸಲ ಮೂಲಪ್ರತಿಯನ್ನು ಬಿಡಿಸಿ ನೋಡಿದಳು. ಇರಲಿಲ್ಲ.

ಮುಂದಿನ ಭಾಗಕ್ಕೆ ನನ್ನ ಬಳಿ ಎರಡು ಕರಡುಗಳಿವೆ. ಒಂದರಲ್ಲಿ ಅವಳು ಮಾವನನ್ನು ಪರೀಕ್ಷೆ ಮಾಡಲೆಂದೇ ದೀಪವನ್ನು ಸರಿಸುತ್ತಾಳೆ. ಅದು ನಾಟಕೀಯವಾಗಿತ್ತು, ನನಗೆ ಇಷ್ಟವಾಗಿತ್ತು. ಅವಳು ಒಪ್ಪಲಿಲ್ಲ. ಮಾವನನ್ನು ಪರೀಕ್ಷೆ ಮಾಡುವಷ್ಟು ದೊಡ್ಡವಳು ನಾನಲ್ಲ, ಟೋಪಿಯ ಮೇಲಿನ ಧೂಳು ಒರೆಸಿ ತೋಳನ್ನು ಗೋಡೆಗೆ ಮಡಚಿದ್ದೆ, ಹಾಗೇ ಮರೆತೆ ಎಂದಳು. ಅದನ್ನೇ ಇಟ್ಟುಕೊಂಡಿದ್ದೇನೆ.

ಹಾಗಾಗಿ: ಮಧ್ಯಾಹ್ನ, ದೀಪ ಉರಿಯುತ್ತಿದೆ, ಆದರೆ ತೋಳು ಗೋಡೆಗೆ ಮಡಚಿದೆ. ಒಂದು ಪುಟದಷ್ಟು ಬೆಳಕು ಖಾಲಿ ಗೋಡೆಯ ಮೇಲೆ ಬಿದ್ದಿದೆ. ಮೂಲಪ್ರತಿ ಮಬ್ಬಿನಲ್ಲಿದೆ. ಮಾವ ಓದುತ್ತಿದ್ದಾರೆ. ಅಲ್ಪವಿರಾಮ, ಹೊಸ ಸಾಲು, ಎಲ್ಲ ಸರಿ. ಕಣ್ಣಿದ್ದವರು ಯಾರೇ ಆಗಲಿ ದೀಪವನ್ನು ಎಳೆದುಕೊಳ್ಳುತ್ತಿದ್ದರು, ಇಲ್ಲವೆ ಗೊಣಗುತ್ತಿದ್ದರು.

ಅವಳು ಪೆನ್ಸಿಲ್ ಕೆಳಗಿಟ್ಟಳು.

“ಮಾವ, ದೀಪ ಎಲ್ಲಿದೆ?”

“ಗೋಡೆ ಮೇಲೆ” ಎಂದರು ಮಾವ. ಎಡಭುಜದ ಮೇಲೆ ಕೈ ಆಡಿಸಿ ನೋಡಿ, “ಯಾಕೆ, ಈ ಕಡೆ ಇಲ್ವಾ?” ಎಂದರು.

೬.

ಕಣ್ಣಿನ ಡಾಕ್ಟರು ಹೇಳಿದ್ದು: ನೋಟದ ನಡುಭಾಗ ಹೋಗಿದೆ, ಅಂಚು ಉಳಿದಿದೆ. ಅದಕ್ಕೇ ನಡೆದಾಡುತ್ತಾರೆ, ನೀರು ಬಗ್ಗಿಸಿಕೊಳ್ಳುತ್ತಾರೆ, ಯಾರಿಗೂ ಗೊತ್ತಾಗಿಲ್ಲ. ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಅಕ್ಷರ ಓದುವುದು ಆಗದ ಮಾತು. ಬೆಳಕು ಹೆಚ್ಚಿಸಿದರೆ ಪ್ರಯೋಜನವಿಲ್ಲ, ಹೋದದ್ದಕ್ಕೆ ಚಿಕಿತ್ಸೆಯೂ ಇಲ್ಲ.

ಇದನ್ನು ಕೇಳಿ ಮಗ ಡಾಕ್ಟರನ್ನು ಬದಲಾಯಿಸೋಣ ಎಂದ.

ಆ ಪದ್ಯ ಎಲ್ಲಿಂದ ಬಂತು ಎಂದು ಸೊಸೆ ಕೇಳಿದಳು. ಮುದುಕರು ಮುಚ್ಚಿಡಲಿಲ್ಲ. ಹುಟ್ಟಿಸಿದೆ ಎಂದರು. ಉಳಿದ ಇಡೀ ಪುಸ್ತಕ ನೆನಪಿನಲ್ಲಿತ್ತು, ಆ ಒಂದು ಜಾಗದಲ್ಲಿ ದಾರಿ ತಪ್ಪಿತು.

“ನೀನು ಪೆನ್ಸಿಲ್ ಹಿಡ್ಕೊಂಡು ಕಾಯ್ತಿದ್ದೆ. ನಿಲ್ಲಿಸಿದ್ರೆ ಗೊತ್ತಾಗ್ಬಿಡುತ್ತೆ ಅನ್ನಿಸ್ತು. ಬಾಯಿ ಹೋದ ಕಡೆ ಹೋದೆ. ಅಷ್ಟರಲ್ಲಿ ಮುಂದಿಂದು ನೆನಪಾಯ್ತು.”

“ನೀವು ಪದ್ಯ ಕಟ್ತೀರಿ ಅಂತ ನಂಗೊತ್ತೇ ಇರಲಿಲ್ಲ.”

“ನಂಗೂ” ಎಂದರು ಮಾವ.

(ಐದೈದು ಮಾತ್ರೆ ಸರಿಯಾಗಿ ಬಿದ್ದಿವೆ, ನಾನು ಬೆರಳು ಮಡಚಿ ನೋಡಿದ್ದೇನೆ. ನೀವೂ ನೋಡಿ.)

೭.

ಮುಗಿಸುವ ಬಗೆ.

ಅ. ಶಸ್ತ್ರಚಿಕಿತ್ಸೆ ಆಗುತ್ತದೆ, ಕಣ್ಣಿನ ಪಟ್ಟಿ ಬಿಚ್ಚುತ್ತಾರೆ, ಮಾವ ಮೊದಲು ನೋಡುವುದು ದೀಪವನ್ನು. ಡಾಕ್ಟರು ಇದಕ್ಕೆ ಚಿಕಿತ್ಸೆ ಇಲ್ಲ ಎಂದು ಆರನೆಯ ಭಾಗದಲ್ಲೇ ಸೂಚಿಸಿದ್ದಾರೆ. ಅವರನ್ನು ಸುಳ್ಳುಗಾರರನ್ನಾಗಿ ಮಾಡುವುದು ಚೆನ್ನಾಗಿರುವುದಿಲ್ಲ.

ಆ. ಒಂದು ಬೆಳಿಗ್ಗೆ ಸೊಸೆ ಎದ್ದು ನೋಡಿದರೆ ದೀಪ ಉರಿಯುತ್ತಲೇ ಇದೆ, ಕುರ್ಚಿಯಲ್ಲಿ ಮಾವ... ಇಲ್ಲಿಗೆ ಬಂದಾಗ ಮುದುಕರು ತಡೆದರು. “ನನ್ನ ಯಾಕಪ್ಪ ಸಾಯಿಸ್ತೀಯಾ? ಬೇರೆ ದಾರಿ ಕಾಣ್ಲಿಲ್ವಾ? ನಿಂಗೂ ನಡುಭಾಗ ಹೋಗಿದ್ಯಾ?” ನನ್ನ ವಾಕ್ಯಗಳ ಬಗ್ಗೆಯೂ ಅವರಿಗೆ ದೂರಿತ್ತು. ಉದ್ದ ಜಾಸ್ತಿ, ಓದುವವರ ಉಸಿರು ನೆನಪಿಟ್ಟುಕೊಂಡು ಬರೆಯಬೇಕು ಎಂದರು. ಅದಕ್ಕೇ ಈ ಭಾಗದ ವಾಕ್ಯಗಳು ಗಿಡ್ಡ.

ಇ. ಸೊಸೆ ಪ್ರೂಫ್ ಓದುತ್ತಾಳೆ, ಮಾವ ಕೇಳಿ ತಪ್ಪು ಹಿಡಿಯುತ್ತಾರೆ. ಇದು ನನಗೆ ಬಹಳ ಹಿಡಿಸಿತ್ತು. ಕೇಳುವವರ ಸಾಲಿನವನು ನಾನು, ಹಿಡಿಸದೆ ಇರುತ್ತದೆಯೆ? ಮಾವನಿಗೆ ಹಿಡಿಸಲಿಲ್ಲ. ಪ್ರೂಫ್ ನೋಡುವುದು ಕಣ್ಣಿನ ಕೆಲಸ ಎಂದರು. ಕಿವಿಗೆ ಗೊತ್ತಿರುವುದು ಏನಿರಬೇಕು ಅನ್ನೋದು ಮಾತ್ರ. ಏನಿದೆ ಅನ್ನೋದಲ್ಲ. ಈ ಗಂಡಾಂತರ ಬಂದದ್ದೇ ಅದರಿಂದ. ನಾನು ವಾದ ಮಾಡಲಿಲ್ಲ. ಅವರಿಗೆ ಆ ಕುರ್ಚಿ ಬೇಕಿತ್ತು. ಕೆಲಸ ಹೋದರೆ ಮೇಜು ಗೋಡೆಗೆ ಹೋಗುತ್ತದೆ, ಆ ಕೋಣೆಯಲ್ಲಿ ಅವರಿಗೆ ಉಳಿಯುವುದು ಮಂಚ ಒಂದೇ. ಆದರೂ ಆ ಕುರ್ಚಿಯನ್ನು ಹೀಗೆ ಉಳಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ.

ನಾನು ಮುಂದಿನ ಅಕ್ಷರ ಬರೆಯುವಷ್ಟರಲ್ಲಿ ಫೋನ್ ಬಂತು.

೮.

ಮೇಡಂ. ಪುಸ್ತಕ ನಾಳೆ ಅಚ್ಚಿಗೆ ಹೋಗಬೇಕು. ಅವರು ಹೇಳಿದ್ದನ್ನು ಸೊಸೆ ಫೋನಿಗೆ ಕೈ ಅಡ್ಡ ಹಿಡಿದು ಮಾವನಿಗೆ ಹೇಳಿದಳು, ನಾನು ನಿಮಗೆ ಹೇಳುತ್ತಿದ್ದೇನೆ.

ಆ ನಾಲ್ಕು ಸಾಲು ಮೇಡಂಗೆ ರಾತ್ರಿಯೆಲ್ಲ ತಲೆಯಲ್ಲಿ ತಿರುಗುತ್ತಿತ್ತಂತೆ. ಇಡೀ ಕಾವ್ಯದಲ್ಲಿ ಅಂಥ ಪದ್ಯ ಇಲ್ಲ ಎಂದರಂತೆ. ಹಿರಿಯರು ಎಷ್ಟೋ ದಶಕ ಇದೇ ಕೆಲಸದಲ್ಲಿದ್ದವರು, ಎಲ್ಲೋ ಹಾಡುವವರ ಬಾಯಲ್ಲಿ ಕೇಳಿರಬೇಕು, ಅಚ್ಚಿನಲ್ಲಿ ಬಿಟ್ಟುಹೋಗಿರಬೇಕು. ಯಾರಿಂದ ಕೇಳಿದ್ದು ಎಂದು ಮಾವ ಒಂದು ಮಾತು ಹೇಳಿದರೆ ಸಾಕು. ಪದ್ಯವನ್ನು ಸೇರಿಸಿ, ಕೆಳಗೆ ಟಿಪ್ಪಣಿ ಹಾಕುತ್ತಾರೆ. ಮಾವನ ಹೆಸರೂ ಬರುತ್ತದೆ.

ಮೂಲ ಇಲ್ಲದಿದ್ದರೆ? ಹಾಗಾದರೆ ಅದು ತಪ್ಪು. ಇಂಥ ತಪ್ಪು ಒಂದಿದ್ದರೆ ಉಳಿದ ಪುಟಗಳನ್ನು ನಂಬುವುದು ಹೇಗೆ? ಪೂರ್ತಿ ಪುಸ್ತಕವನ್ನು ಕಂಪ್ಯೂಟರಿಗೆ ಕೊಡಬೇಕಾಗುತ್ತದೆ, ಇನ್ನು ಮುಂದಿನ ಪುಸ್ತಕಗಳನ್ನೂ. ಮೇಡಂ ಇದನ್ನು ಹೆದರಿಸಲು ಹೇಳಲಿಲ್ಲ. ಇರುವುದನ್ನು ಹೇಳಿದರು. ಫೋನ್ ಇಡದೆ ಕಾಯುತ್ತಿದ್ದಾರೆ.

ಸೊಸೆ ದೀಪದ ತೋಳನ್ನು ತನ್ನ ಕಡೆ ಎಳೆದುಕೊಂಡಳು, ಪ್ರೂಫಿನ ಅಂಚಿನಿಂದ ಚೀಟಿಗೆ ಬರೆದಿಟ್ಟುಕೊಂಡಿದ್ದ ನಾಲ್ಕು ಸಾಲನ್ನು ಓದಿದಳು. ಚಿಹ್ನೆಗಳನ್ನು ಹೇಳದೆ, ಬರೀ ಪದ್ಯವನ್ನು. ಅವಳು ಓದಿದ್ದನ್ನು ಮಾವ ಇದೇ ಮೊದಲು ಕೇಳಿದ್ದು. ಕತ್ತು ಬಗ್ಗಿಸಿ ಕೇಳಿದರು.

“ಪರವಾಗಿಲ್ಲ. ಚೆನ್ನಾಗೇ ಇದೆ” ಎಂದರು.

ಮುಖದಲ್ಲಿ ಸಂತೋಷವೂ ಕಾಣಿಸಿತು. ನಾನದನ್ನು ಹೊಡೆದುಹಾಕುವುದಿಲ್ಲ.

“ನಿಮ್ಮಮ್ಮ ಹೇಳ್ತಿದ್ರು ಅಂದ್ಬಿಡಿ ಮಾವ. ಯಾರು ಹೋಗಿ ಕೇಳ್ತಾರೆ?”

“ಸುಳ್ಳಾಗುತ್ತಲ್ಲ.”

ಇಲ್ಲಿ ನಾನು ಬಾಯಿ ಹಾಕಬೇಕಾಯಿತು. ಓದುಗರೇ, ಕೋಪ ಮಾಡಿಕೊಳ್ಳಬೇಡಿ, ಈ ಮೂವರ ಕಷ್ಟ ನೋಡಲಾಗಲಿಲ್ಲ. ನಾನು ಹೇಳಿದೆ: ಮಾವನವರೇ, ಇದು ಕತೆ. ನಿಮ್ಮ ಅಮ್ಮ ಹೇಗಿದ್ದರು ಎಂದು ನಾನಿನ್ನೂ ಎಲ್ಲೂ ಬರೆದಿಲ್ಲ. ಮೂರನೆಯ ಭಾಗಕ್ಕೆ ಹೋಗಿ ಒಂದೇ ವಾಕ್ಯ ಸೇರಿಸುತ್ತೇನೆ. ‘ಮಾವನ ತಾಯಿ ರಾಗಿ ಬೀಸುತ್ತ ಅಂಬಿಗನ ಹೆಂಡತಿಯ ಪದ್ಯ ಹೇಳುತ್ತಿದ್ದರು.’ ಬೇಕಾದರೆ ರಾಗಿ ತೆಗೆದು ಬಟ್ಟೆ ಹೊಲಿಯುತ್ತ ಎಂದು ಹಾಕುತ್ತೇನೆ. ಆ ವಾಕ್ಯ ಅಲ್ಲಿದ್ದರೆ ನೀವು ಹೇಳುವುದು ಸುಳ್ಳಾಗುವುದಿಲ್ಲ. ನಡೆದದ್ದೇ ಆಗುತ್ತದೆ. ಸೊಸೆಯ ಕೆಲಸ ಉಳಿಯುತ್ತದೆ, ನಿಮ್ಮ ಕುರ್ಚಿ ಉಳಿಯುತ್ತದೆ, ಒಂದು ಒಳ್ಳೆಯ ಪದ್ಯ ಉಳಿಯುತ್ತದೆ. ನೀವು ಹೂಂ ಅನ್ನಬೇಕು, ಅಷ್ಟೆ.

ಸೊಸೆ ನನ್ನ ಕಡೆ ನೋಡಿದಳು. ಈ ಕತೆಯಲ್ಲಿ ಅವಳು ನನ್ನ ಪಕ್ಷ ವಹಿಸಿದ್ದು ಇದೊಂದೇ ಸಲ. “ಅವ್ರು ಬರೀತಾರಂತೆ ಮಾವ. ಹೂಂ ಅನ್ನಿ.”

ಮಾವ ಬಹಳ ಯೋಚಿಸಿದರು ಎಂದು ಬರೆಯುವ ಆಸೆ ನನಗಿದೆ. ಯೋಚಿಸಲಿಲ್ಲ.

“ನಮ್ಮಮ್ಮಂಗೆ ಒಂದು ಪದ್ಯಾನೂ ಬರ್ತಿರ್ಲಿಲ್ಲ ಕಣಪ್ಪ. ಯಾರಾದ್ರೂ ಹೇಳಿದ್ರೆ ಕೆಲಸ ಬಿಟ್ಟು ಕೂತು ಕೇಳೋಳು. ಮಧ್ಯೆ ಒಂದು ಮಾತು ಸೇರಿಸಿದೋಳಲ್ಲ. ಅವಳನ್ನ ಹಾಗೇ ಬಿಡು.”

ಫೋನಿನಿಂದ ಹಲೋ ಎನ್ನುವ ಧ್ವನಿ ಕೇಳಿತು. ಸೊಸೆ ಕೈ ತೆಗೆಯಲಿಲ್ಲ.

“ಮಾವ, ನನಗೋಸ್ಕರ” ಎಂದಳು.

“ಇಲ್ಲಮ್ಮ” ಎಂದರು ಮಾವ. “ನಿನಗೋಸ್ಕರಾನೂ ಹೇಳಲ್ಲ.”